ಚೀನಾದ ಹೊಸ ಕಲೆ ನೋಡಲು ಬೀಜಿಂಗಾ, ಹಾಂಕಾಂಗಾ?

ಚೀನಾದ ಹೊಸ ಕಲೆ ನೋಡಲು ಬೀಜಿಂಗಿನ 798 ಎಂಬ ಕಲಾ ಗ್ಯಾಲರಿಗಳ ಬಡಾವಣೆಯೋ, ಹಾಂಕಾಂಗಿನ ಎಂ ಪ್ಲಸ್ ಮ್ಯೂಸಿಯಮ್ಮೋ ಎಂದು ಕೇಳಿದ್ದೀರಿ.

ಖರ್ಚಿನಲ್ಲಿ 798 ಹಗುರ. 1950ರ ದಶಕದಲ್ಲಿ ಪೂರ್ವ ಜರ್ಮನಿಯ ನೆರವಿನಿಂದ ಕಟ್ಟಿದ ಹಳೇ ಕಾರ್ಖಾನೆ ಅದು, ಈಗ ಅಲ್ಲಿ ಗ್ಯಾಲರಿಗಳಿವೆ. ಓಣಿಗಳಲ್ಲಿ ಸುಮ್ನೆ ಸುತ್ತಬಹುದು, ಎಷ್ಟೋ ಗ್ಯಾಲರಿಗಳಿಗೆ ಟಿಕೆಟ್ ಇಲ್ಲ. ಈಗ ಕಾಫಿ ಅಂಗಡಿಗಳೇ ಜಾಸ್ತಿ ಕಣ್ಣಿಗೆ ಬೀಳುತ್ತವೆ, ಅದು ಬೇರೆ ಮಾತು.

ಎಂ ಪ್ಲಸ್‌ಗೆ ಟಿಕೆಟ್ ಬೇಕು. ಆದರೆ 1970ರ ದಶಕದಿಂದ ಈಚಿನ ಚೀನಾದ ಕಲೆ ಒಂದೇ ಕಡೆ ಸಿಗುತ್ತದೆ. ಚೀನಾದಲ್ಲಿ ಸ್ವಿಸ್ ರಾಯಭಾರಿಯಾಗಿದ್ದ ಉಲಿ ಸಿಗ್ 2012ರಲ್ಲಿ ತಾವು ಕೂಡಿಟ್ಟ 1,463 ಕೃತಿಗಳನ್ನು ಈ ಮ್ಯೂಸಿಯಮ್ಮಿಗೆ ದಾನ ಕೊಟ್ಟರು. ಚೀನಾದ ಕಲೆಯನ್ನು ಹೊರಗಿನವರು ಕೂಡಿಟ್ಟು ವಾಪಸ್ ಕೊಟ್ಟಿದ್ದು, ವಿಚಿತ್ರ ಅಲ್ವಾ?

ಬೀಜಿಂಗಿಗೆ ನಮಗೆ ವೀಸಾ ಬೇಕು. ಹಾಂಕಾಂಗಿನಲ್ಲಿ 14 ದಿನ ಇರಲು ಆನ್‌ಲೈನ್ ನೋಂದಣಿ ಸಾಕು.

ಇದೇ ಮೊದಲ ಪರಿಚಯವಾದರೆ ಎಂ ಪ್ಲಸ್. ಕಲಾವಿದರ ಹೆಸರುಗಳು ಗೊತ್ತಿದ್ದು, ಈಗಿನವರು ಏನು ಮಾಡುತ್ತಿದ್ದಾರೆ ಎಂಬ ಕುತೂಹಲವಿದ್ದರೆ 798.