ಎಸ್‌ಸಿಸಿಎ ಸೋಲೋ ನಿಯಮಪುಸ್ತಕ: ಮಾಡಿಫೈ ಮಾಡಿದ ಕಾರು ಯಾವ ವರ್ಗಕ್ಕೆ?

ಅಮೆರಿಕದಲ್ಲಿ ಆಟೋಕ್ರಾಸ್‌ಗೆ, ಅಂದರೆ ಕೋನ್‌ಗಳ ನಡುವೆ ಗಡಿಯಾರದ ವಿರುದ್ಧ ಕಾರು ಓಡಿಸುವ ಸ್ಪರ್ಧೆಗೆ, ಇಳಿಯುವವರಿಗೆ ಎಸ್‌ಸಿಸಿಎ (ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕ) ಉಚಿತವಾಗಿ ಕೊಡುವ ಈ ಪಿಡಿಎಫ್‌ಗಿಂತ ನಂಬಿಕಸ್ಥ ಸಲಹೆಗಾರ ಬೇರೆ ಇಲ್ಲ. ದಪ್ಪ ನೋಡಿ ಹೆದರಬೇಡಿ. ಮೊದಲು ಯಾವ ಕಾರು ಯಾವ ವರ್ಗಕ್ಕೆ ಎಂದು ಪಟ್ಟಿ ಮಾಡಿರುವ ಅನುಬಂಧ ಎ ತೆರೆದು ಕಾರಿನ ಮಾದರಿ, ವರ್ಷ ಹುಡುಕಿ. ಆಮೇಲೆ ಸೆಕ್ಷನ್ 13, ಅಂದರೆ ಸ್ಟ್ರೀಟ್: ಹೆಚ್ಚು ಮಾಡಿಫೈ ಮಾಡದ ಕಾರುಗಳ ವಿಭಾಗ. ಸೂತ್ರ ಒಂದೇ: ಮಾಡಬಹುದು ಅಂತ ಬರೆದಿಲ್ಲವಾ, ಮಾಡುವ ಹಾಗಿಲ್ಲ.

ಎಡವುವುದು ಹೆಚ್ಚಾಗಿ ವೀಲ್ ವಿಷಯದಲ್ಲಿ. ವ್ಯಾಸ ಒಂದು ಇಂಚು ಹೆಚ್ಚುಕಡಿಮೆ ಆಗಬಹುದು, ಅಗಲ ಮಾತ್ರ ಕಂಪನಿಯದ್ದೇ ಇರಬೇಕು. ಆಫ್‌ಸೆಟ್‌ಗೆ (ವೀಲಿನ ನಡುಗೆರೆಯಿಂದ ಅದು ಕಾರಿಗೆ ಕೂರುವ ಮೈಗಿರುವ ದೂರ) ಎರಡೂ ಕಡೆ ಸುಮಾರು 7 ಮಿ.ಮೀ. ಅವಕಾಶ. ಮೂಲ ವೀಲಿನ ಒಳಮೈಯಲ್ಲಿ ಇಟಿ45 (ಆಫ್‌ಸೆಟ್ 45 ಮಿ.ಮೀ.) ಎಂದಿದ್ದರೆ ಇಟಿ38 ನಡೆಯುತ್ತದೆ, ಇಟಿ35 ನಡೆಯದು. ವೀಲಿನ ಹಿಂದೆ ಸ್ಪೇಸರ್ ಬಿಲ್ಲೆ ಇದ್ದರೆ ಅದರ ದಪ್ಪವನ್ನೂ ಕಳೆದು ಲೆಕ್ಕ ಹಾಕಿ. ಟೈರಿನ ಪಕ್ಕೆಯ ಮೇಲೆ ಟ್ರೆಡ್‌ವೇರ್ (ಸವೆತ ತಾಳುವ ಅಂಕ) 200 ಅಥವಾ ಅದಕ್ಕಿಂತ ಹೆಚ್ಚು ಇರಲೇಬೇಕು.

ಶಾಕ್ ಅಬ್ಸಾರ್ಬರ್, ಬ್ರೇಕ್ ಪ್ಯಾಡ್ ಬದಲಿಸಬಹುದು. ಆದರೆ ಕಾರನ್ನು ತಗ್ಗಿಸುವ ಲೋವರಿಂಗ್ ಸ್ಪ್ರಿಂಗ್ ಹಾಕಿದರೆ ಸ್ಟ್ರೀಟ್ ಕೈತಪ್ಪಿತು. ಹೆಚ್ಚು ಬದಲಾವಣೆಗೆ ಅವಕಾಶವಿರುವ ಸ್ಟ್ರೀಟ್ ಟೂರಿಂಗ್ ವಿಭಾಗ ಓದಬೇಕು. ಇಸಿಯು ರೀಮ್ಯಾಪ್‌ಗೂ (ಎಂಜಿನ್ ಕಂಪ್ಯೂಟರ್‌ನ ಪ್ರೋಗ್ರಾಂ ಬದಲಿಸುವುದು) ಅಷ್ಟೇ. ಬಿಡಿಭಾಗ ಮಾರುವವರ ಮಾತು ಕೇಳಿ ಮೊದಲೇ ದುಡ್ಡು ಸುರಿಯಬೇಡಿ.

ಕೊರತೆ ಅಂದರೆ, ಒಂದೊಂದು ಪದದ ಅರ್ಥಕ್ಕೂ ಸೆಕ್ಷನ್ 12ಕ್ಕೆ ಹಿಂದೆ ಹೋಗಬೇಕು. ನಿಯಮಗಳು ವರ್ಷ ವರ್ಷ ಬದಲಾಗುತ್ತವೆ, ಹಾಗಾಗಿ ಫೋನಿನಲ್ಲಿರುವ ಹಳೆಯ ಪ್ರತಿ ಅಳಿಸಿಬಿಡಿ.