ಮೊಬೈಲ್ ಬೋರ್ಡಿಂಗ್ ಪಾಸ್: 4 ವರ್ಷ ಬಳಸಿದ ಮೇಲೆ

ದಾವಣಗೆರೆಯಲ್ಲಿ ನಮ್ಮದು ಸೀರೆ ಅಂಗಡಿ. ಮಾಲು ತರೋಕೆ ವರ್ಷಕ್ಕೆ ಐದಾರು ಸಲ ಸೂರತ್‌ಗೆ ಹೋಗುತ್ತೇನೆ. ನಮ್ಮೂರಿಗೆ ವಿಮಾನ ಬರಲ್ಲ. ರಾತ್ರಿ ಬಸ್ ಹತ್ತಿ, ಸುಮಾರು 260 ಕಿಲೋಮೀಟರ್ ದಾಟಿ ಮೆಜೆಸ್ಟಿಕ್‌ನಲ್ಲಿ ಇಳಿಯಬೇಕು. ಅಲ್ಲಿಂದ ವಾಯು ವಜ್ರ ಬಸ್ಸಿನಲ್ಲಿ ದೇವನಹಳ್ಳಿ ಕಡೆಗೆ. 4 ವರ್ಷದಿಂದ ನನ್ನ ಬೋರ್ಡಿಂಗ್ ಪಾಸ್ ಮೊಬೈಲ್‌ನಲ್ಲೇ ಇರುತ್ತದೆ.

ಹೋಗುವಾಗ ನನ್ನ ಹತ್ತಿರ ಒಂದೇ ಕೈಚೀಲ. ಹಿಂದಿನ ದಿನ ಗಲ್ಲಾದ ಮೇಲೆ ಕೂತೇ ವೆಬ್ ಚೆಕ್-ಇನ್ (ಕೌಂಟರಿಗೆ ಹೋಗದೆ ಆನ್‌ಲೈನ್‌ನಲ್ಲೇ ಪಾಸ್ ಪಡೆಯೋದು) ಮುಗಿಸಿಬಿಡುತ್ತೇನೆ. ನೆಲಮಂಗಲದಲ್ಲಿ ಟ್ರಾಫಿಕ್ ಜಾಮ್ ಆಗಿ ಬಸ್ ತಡವಾದ ದಿನ ಕೌಂಟರಿನ ಸಾಲು ನೋಡಿದರೆ ಅದರ ಬೆಲೆ ಗೊತ್ತಾಗುತ್ತದೆ. ನಾನು ನೇರ ಸೆಕ್ಯೂರಿಟಿಗೆ ಹೋದೆ, ಅಷ್ಟೇ.

ಆದರೆ ಬಸ್ಸಿನ ಚಾರ್ಜಿಂಗ್ ಪಾಯಿಂಟ್ ನಂಬಬೇಡಿ. ಪವರ್ ಬ್ಯಾಂಕ್ ಇರಲಿ, ಅದನ್ನು ಕೈಚೀಲದಲ್ಲೇ ಇಡಿ. ಚೆಕ್-ಇನ್ ಲಗೇಜಿನಲ್ಲಿ ಅದಕ್ಕೆ ಅನುಮತಿ ಇಲ್ಲ. ಪಾಸ್‌ನ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ನೆಟ್‌ವರ್ಕ್ ಕೈಕೊಟ್ಟರೂ ಚಿಂತೆಯಿಲ್ಲ. ಒಮ್ಮೆ ನನ್ನ ಸ್ಕ್ರೀನ್ ಗಾರ್ಡ್ ಒಡೆದಿತ್ತು. ಬಿರುಕು ಸರಿಯಾಗಿ ಕೋಡ್ ಮೇಲೇ ಹಾದುಹೋಗಿತ್ತು. ಸ್ಕ್ಯಾನರ್ ಮೂರು ಸಲ ಕೆಂಪು ತೋರಿಸಿತು. ಉಗುರಿನಿಂದ ಗಾರ್ಡ್ ಕಿತ್ತು, ಬ್ರೈಟ್‌ನೆಸ್ ಪೂರ್ತಿ ಏರಿಸಿದೆ. ನಾಲ್ಕನೇ ಸಲಕ್ಕೆ ಹಸಿರು ಬಂತು.

ನಿಜವಾದ ತೊಂದರೆ ಆಗಿದ್ದು ಅವ್ವನ ಜೊತೆ ಹೋದಾಗ. ತಂಗಿ ಮನೆಯಿಂದ ವಾಪಸ್ ಬರುತ್ತಿದ್ದೆವು. ಅವ್ವನದು ಕೀಪ್ಯಾಡ್ ಫೋನ್, ಹಾಗಾಗಿ ಇಬ್ಬರ ಪಾಸೂ ನನ್ನ ಮೊಬೈಲ್‌ನಲ್ಲಿತ್ತು. ಸೆಕ್ಯೂರಿಟಿಯಲ್ಲಿ ಫೋನ್ ಟ್ರೇಗೆ ಹಾಕಲೇಬೇಕು ಅಲ್ವಾ? ಹಾಕಿದೆ, ಟ್ರೇ ಎಕ್ಸ್‌ರೇ ಒಳಗೆ ಹೋಯಿತು. ಹೆಂಗಸರ ತಪಾಸಣೆ ಬೇರೆ, ಪರದೆಯ ಹಿಂದೆ. ಅಲ್ಲಿದ್ದ ಸಿಬ್ಬಂದಿ ಹಿಂದಿಯಲ್ಲಿ ಪಾಸ್ ಕೇಳಿದರು. ಅವ್ವನಿಗೆ ಹಿಂದಿ ಬರಲ್ಲ. ಕೈಯಲ್ಲಿ ಆಧಾರ್ ಕಾರ್ಡ್ ಹಿಡಿದು, "ಮಗನ ಹತ್ರ ಐತಿ, ಮಗನ ಹತ್ರ ಐತಿ" ಎಂದು ನನ್ನ ಕಡೆ ತೋರಿಸುತ್ತಾ ನಿಂತಿದ್ದಳು. ನಾನು ಈಚೆ ಸಾಲಿನಲ್ಲಿ. ಟ್ರೇ ಹೊರಬರುವವರೆಗೆ ನಾಲ್ಕೈದು ನಿಮಿಷ ಆಗಿರಬಹುದು. ಅವಳ ಕೈ ಸಣ್ಣಗೆ ನಡುಗುತ್ತಿದ್ದದ್ದು ಈಗಲೂ ಕಣ್ಣ ಮುಂದಿದೆ. ತಪ್ಪು ನನ್ನದು. ಇಬ್ಬರ ಪಾಸ್ ಒಂದೇ ಫೋನಿನಲ್ಲಿ ಇಡಬಾರದಿತ್ತು.

ಬೆಂಗಳೂರಿನಲ್ಲಿ 2022ರ ಡಿಸೆಂಬರ್‌ನಿಂದ ಡಿಜಿಯಾತ್ರಾ ಇದೆ, ಮುಖ ತೋರಿಸಿದರೆ ಗೇಟ್ ತೆರೆಯುತ್ತದೆ. ಅದಕ್ಕೂ ಸ್ಮಾರ್ಟ್‌ಫೋನೇ ಬೇಕು.

ಇನ್ನೊಂದು ಮಾತು. ಪಾಸ್‌ನ ಫೋಟೋ ಸುಮ್ನೆ ವಾಟ್ಸಾಪ್ ಸ್ಟೇಟಸ್‌ಗೆ ಹಾಕಬೇಡಿ. ಆ ಕೋಡ್‌ನಲ್ಲಿ ನಿಮ್ಮ ಹೆಸರು, ಪಿಎನ್‌ಆರ್ ಎರಡೂ ಇರುತ್ತವೆ.

ಒಬ್ಬರೇ ಓಡಾಡುವವರಿಗೆ ಧೈರ್ಯವಾಗಿ ಹೇಳುತ್ತೇನೆ, ಮೊಬೈಲ್ ಪಾಸೇ ಸಾಕು. 5ಕ್ಕೆ 4 ಅಂಕ. ಅವ್ವನಿಗೆ ಮಾತ್ರ ಈಗ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ, ಆಧಾರ್ ಇಡುವ ಪ್ಲಾಸ್ಟಿಕ್ ಕವರಿನಲ್ಲೇ ಮಡಚಿ ಇಡುತ್ತೇನೆ. ಹೋದ ಸಲ ಪರದೆಯ ಹತ್ತಿರ ಅವಳೇ ತೆಗೆದು ತೋರಿಸಿದಳು.