ಪೋಸ್ಟ್ ಆಫೀಸ್ ಆರ್‌ಡಿ ರಿವ್ಯೂ: ಮಂಡ್ಯ ಕಡೆಯೋರು ಒಂದ್ಸಲ ಓದಿ

ನಮ್ಮನೇಲಿ ಪೋಸ್ಟ್ ಆಫೀಸ್ ಆರ್‌ಡಿ (ರಿಕರಿಂಗ್ ಡೆಪಾಸಿಟ್, ತಿಂಗಳು ತಿಂಗಳು ಒಂದೇ ಮೊತ್ತ ಕಟ್ಟೋ ಉಳಿತಾಯ) ಸುಮಾರು ವರ್ಷದಿಂದ ನಡೀತಾ ಇದೆ, ಅಮ್ಮನ ಹೆಸರಲ್ಲಿ ಒಂದು, ನನ್ನ ಹೆಸರಲ್ಲಿ ಒಂದು. ಹಳೇದೊಂದು ಮೆಚ್ಯೂರ್ ಆಗಿ ದುಡ್ಡು ಕೈಗೂ ಬಂದಿದೆ, ಹಂಗಾಗಿ ಧೈರ್ಯವಾಗಿ ಬರೀತಿದೀನಿ. ಮಂಡ್ಯದೋರು ಓದ್ಲಿ ಅಂತ ಹೇಳ್ತಿರೋದು ಯಾಕಂದ್ರೆ ನಮ್ ಕಡೆ ದುಡ್ಡು ಬರೋ ರೀತೀನೇ ಬೇರೆ, ಖರ್ಚಾಗೋ ರೀತೀನೂ ಬೇರೆ.

ಕಬ್ಬು ಹಾಕಿದೋರ್ಗೆ ವರ್ಷಕ್ಕೊಂದ್ಸಲ ದುಡ್ಡು ಕಾಣೋದು. ಕಬ್ಬು ಫ್ಯಾಕ್ಟರಿಗೆ ಕೊಟ್ಟು 14 ದಿನದೊಳಗೆ ಬಿಲ್ ಕೊಡಬೇಕು ಅಂತ ಕಾನೂನಿದೆ, ಕೊಡೋದು ಯಾವಾಗ ಅಂತ ಬೆಳೆದೋರ್ಗೇ ಗೊತ್ತು. ಸರಿ, ಅಕೌಂಟಿಗೆ ಬಿತ್ತು ಅಂತಿಟ್ಕೊಳ್ಳಿ, ಆ ವಾರದಲ್ಲೇ ಸೊಸೈಟಿ ಸಾಲ, ಗೊಬ್ಬರದಂಗಡಿ ಬಾಕಿ, ಅದಾದ್ಮೇಲೆ ಒಂದು ಬೈಕು, ಮಾರಮ್ಮನ ಹಬ್ಬ, ಯಾರದ್ದೋ ಮದುವೆ ಮುಯ್ಯಿ, ನಮ್ಮನೇದೇ ಮದುವೆ ಆದ್ರಂತೂ ಕೇಳಲೇಬೇಡಿ, ಬೀಗರೂಟಕ್ಕೆ ಎಷ್ಟು ಮರಿ ಕಡಿದ್ರು ಅನ್ನೋದ್ರ ಮೇಲೆ ಮನೆತನದ ಮರ್ಯಾದೆ ಅಳೀತಾರೆ. ಮೂರು ತಿಂಗಳು ಕಳೆಯೋಷ್ಟರಲ್ಲಿ ಮಕ್ಕಳ ಸ್ಕೂಲ್ ಫೀಸಿಗೆ ಒಡವೆ ಅಡ ಇಡೋ ಪರಿಸ್ಥಿತಿ. ದುಡ್ಡು ಕಮ್ಮಿ ಬಂದು ಹಿಂಗಾಗೋದು ಒಂದು ಕಡೆಯಾದ್ರೆ, ಬಂದ ದುಡ್ಡು ಕೈಗೆ ಸಿಗೋ ಜಾಗದಲ್ಲೇ ಇರೋದ್ರಿಂದ ಆಗೋದೇ ಜಾಸ್ತಿ ಅಂತ ನಂಗನಿಸ್ತದೆ. ಸೇವಿಂಗ್ಸ್ ಅಕೌಂಟಲ್ಲಿ ಇಟ್ರೆ ಫೋನ್‌ಪೇಲಿ ಕರಗೋಗ್ತದೆ.

ಈಗ ಆರ್‌ಡಿ ವಿಷಯ. 5 ವರ್ಷದ ಸ್ಕೀಮು, ತಿಂಗಳಿಗೆ ಕನಿಷ್ಠ 100 ರೂಪಾಯಿ, ಅದರ ಮೇಲೆ ಹತ್ತರ ಲೆಕ್ಕದಲ್ಲಿ ಎಷ್ಟು ಬೇಕಾದ್ರೂ ಕಟ್ಬಹುದು. 2023ರ ಅಕ್ಟೋಬರಿಂದ ಬಡ್ಡಿ ಶೇ. 6.7 ಮಾಡಿದ್ರು, ಮೂರು ತಿಂಗಳಿಗೊಮ್ಮೆ ಚಕ್ರಬಡ್ಡಿ ಸೇರ್ತದೆ. ಆ ರೇಟಲ್ಲಿ ತಿಂಗಳಿಗೆ 1,000 ಕಟ್ಟಿದ್ರೆ 5 ವರ್ಷಕ್ಕೆ ನಾವು ಹಾಕಿದ್ದು 60,000, ಕೈಗೆ ಬರೋದು ಹತ್ತಿರ ಹತ್ತಿರ 71,366. ಸರ್ಕಾರ ಮೂರು ತಿಂಗಳಿಗೊಂದ್ಸಲ ರೇಟ್ ನೋಡ್ತದೆ, ಆದ್ರೆ ನೀವು ಅಕೌಂಟ್ ತೆಗೆದ ದಿನ ಇದ್ದ ರೇಟೇ ನಿಮಗೆ ಕೊನೇವರೆಗೂ, ಮಧ್ಯದಲ್ಲಿ ಇಳಿಸಿದ್ರೂ ನಿಮಗೆ ಇಳಿಯಲ್ಲ.

ಕಬ್ಬಿನೋರು ಗಮನಿಸ್ಬೇಕಾದ್ದು ಅಡ್ವಾನ್ಸ್ ಕಟ್ಟೋ ಸೌಲಭ್ಯ. ಇದು ಬಹಳ ಜನಕ್ಕೆ ಗೊತ್ತೇ ಇಲ್ಲ ಕಣ್ರೀ. ಬಿಲ್ ಬಂದ ತಕ್ಷಣ ವರ್ಷದ 12 ಕಂತೂ ಒಟ್ಟಿಗೆ ಕಟ್ಬಿಡಬಹುದು, ಹಂಗೆ ಕಟ್ಟಿದ್ರೆ 100 ರೂಪಾಯಿ ಕಂತಿಗೆ 40 ರೂಪಾಯಿ ರಿಯಾಯಿತಿ. ಅಂದ್ರೆ ತಿಂಗಳಿಗೆ 1,000ದ ಆರ್‌ಡಿ ಆದ್ರೆ 12,000 ಬದಲು 11,600 ಕಟ್ಟಿದ್ರೆ ಸಾಕು. 6 ತಿಂಗಳದ್ದು ಒಟ್ಟಿಗೆ ಕಟ್ಟಿದ್ರೂ 100ಕ್ಕೆ 10 ಬಿಡ್ತಾರೆ. ಜೊತೆಗೆ ಅಡ್ವಾನ್ಸ್ ಕಟ್ಟಿದ ಅವಧಿ ಮುಗಿಯೋವರೆಗೂ ಅಕೌಂಟ್ ಕ್ಲೋಸ್ ಮಾಡಕ್ಕಾಗಲ್ಲ, ಯಾರಾದ್ರೂ ನೆಂಟ್ರು ಬಂದು ಕೈಸಾಲ ಕೇಳಿದ್ರೆ ಇಲ್ಲ ಅನ್ನೋಕೆ ನಿಜವಾದ ಕಾರಣ ಇರ್ತದೆ. ನಮ್ ಕಡೆ ಇಲ್ಲ ಅನ್ನೋದು ಎಷ್ಟು ಕಷ್ಟ ಅಂತ ನಿಮಗೂ ಗೊತ್ತಲ್ಲ.

ನನಗೆ ತುಂಬಾ ಇಷ್ಟ ಆಗಿರೋದು ಏಜೆಂಟ್ ವ್ಯವಸ್ಥೆ. ಮಹಿಳಾ ಪ್ರಧಾನ ಕ್ಷೇತ್ರೀಯ ಬಚತ್ ಯೋಜನೆ ಅಂತ, ಹೆಂಗಸರೇ ಏಜೆಂಟ್ ಆಗಿರ್ತಾರೆ, ಮನೆ ಬಾಗಿಲಿಗೆ ಬಂದು ಕಂತು ಇಸ್ಕೊಂಡು ಹೋಗ್ತಾರೆ. ಅವರಿಗೆ ಕಮಿಷನ್ ಸರ್ಕಾರ ಕೊಡ್ತದೆ, ನಾವು ಒಂದು ರೂಪಾಯಿನೂ ಕೊಡೋ ಹಾಗಿಲ್ಲ. ನಮ್ ಬೀದಿಗೆ ಬರೋ ಅಕ್ಕ ಬಟ್ಟೆ ಬ್ಯಾಗಲ್ಲಿ ರಬ್ಬರ್ ಬ್ಯಾಂಡ್ ಹಾಕಿದ ಕಾರ್ಡಿನ ಕಟ್ಟು ಇಟ್ಕೊಂಡಿರ್ತಾರೆ, ಅಮ್ಮ ನಮ್ಮ ಅಸ್ಲಾಸ್ ಕಾರ್ಡನ್ನ (ಏಜೆಂಟ್ ಕಂತು ಇಸ್ಕೊಂಡಿದ್ದನ್ನ ಬರೆದುಕೊಡೋ ಕಾರ್ಡು) ಕ್ಯಾಲೆಂಡರ್ ಹಿಂದಿಂದ ತೆಗೆದು ಕೊಟ್ರೆ ಆಯಾ ತಿಂಗಳ ಸಾಲಲ್ಲಿ ಮೊತ್ತ, ತಾರೀಕು ಬರೆದು ಸೈನ್ ಹಾಕ್ತಾರೆ, ಅಮ್ಮ ಕನ್ನಡಕ ಹಾಕ್ಕೊಂಡು ಬೆರಳಿಟ್ಟು ಓದಿ ನೋಡಿದ್ಮೇಲೇ ಟೀ ಕೊಡೋದು. ಅಮ್ಮಂದು ಡೈರಿ ಬಟವಾಡೆ ದುಡ್ಡು, ಅಪ್ಪನ ಕಬ್ಬಿನ ಲೆಕ್ಕಕ್ಕೆ ಸೇರದೇ ಇರೋದು, ಎರಡು ಹಸು ಹಾಲಲ್ಲಿ ಬೂಸಾ ಖರ್ಚು ಕಳೆದು ಉಳಿದಿದ್ದು. ನಮ್ಮನೇಲಿ ಕಷ್ಟಕ್ಕೆ ಆಗಿರೋದು ಯಾವಾಗ್ಲೂ ಈ ಹಾಲಿನ ದುಡ್ಡೇ. ಒಂದು ಮಾತು, ಕಾರ್ಡ್ ಮೇಲೆ ಸೈನ್ ಇದ್ರೆ ಸಾಲದು, ಪಾಸ್‌ಬುಕ್ಕಲ್ಲೂ ಎಂಟ್ರಿ ಆಗಿದೆಯಾ ಅಂತ ಆಗಾಗ ನೋಡ್ತಿರಿ, ಏಜೆಂಟ್ ಎಷ್ಟೇ ಒಳ್ಳೇವ್ರಾದ್ರೂ ಸರಿ.

ಏಜೆಂಟ್ ಬೇಡ ಅಂದ್ರೆ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ಆ್ಯಪಲ್ಲಿ ಮೊಬೈಲಿಂದಾನೇ ಕಟ್ಬಹುದು.

ಚೀಟಿ ಜೊತೆ ಹೋಲಿಸ್ತಾರೆ ಎಲ್ರೂ. ಚೀಟಿಲಿ ಬೇಕಾದಾಗ ಕೂಗಿ ದೊಡ್ಡ ಮೊತ್ತ ಎತ್ಕೋಬಹುದು, ಅದು ಆರ್‌ಡಿಲಿ ಆಗಲ್ಲ, ಒಪ್ತೀನಿ. ಆದ್ರೆ 1982ರ ಚಿಟ್ ಫಂಡ್ ಕಾಯ್ದೆ ಪ್ರಕಾರ ರಿಜಿಸ್ಟರ್ ಆಗಿರೋ ಚೀಟಿ ಬೇರೆ, ಬೀದೀಲಿ ನಂಬಿಕೆ ಮೇಲೆ ನಡೆಯೋ ಚೀಟಿ ಬೇರೆ. ಚೀಟಿನೇ ಬೇಕು ಅನ್ನೋರು ಸರ್ಕಾರದ ಎಂಎಸ್‌ಐಎಲ್ ಚೀಟಿ ಕೇಳಿ ನೋಡಿ. ಬೀದಿ ಚೀಟಿ ನಡೆಸ್ತಿದ್ದೋರು ರಾತ್ರೋರಾತ್ರಿ ಮನೆ ಖಾಲಿ ಮಾಡಿದ್ದನ್ನ ನಾವು ಕಣ್ಣಾರೆ ನೋಡಿದೀವಿ, ಗಾರ್ಮೆಂಟ್ಸಿಗೆ ಹೋಗೋ ಹೆಣ್ಮಕ್ಕಳ ದುಡ್ಡು ಅದು, ಒಬ್ಬರಿಗೂ ವಾಪಸ್ ಬರ್ಲಿಲ್ಲ. ಇನ್ನು ವಾರದ ಸಂಘದ ಸಾಲ. ಕಿರುಸಾಲದೋರ ಕಿರುಕುಳ ತಡೆಯೋಕೆ 2025ರ ಫೆಬ್ರವರೀಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆನೇ ತರಬೇಕಾಯ್ತು, ಅಷ್ಟು ಜನ ಮನೆ ಬಿಟ್ಟು ಹೋಗಿದ್ರು. ಆ ಸಾಲದ ಒಂದು ವಾರದ ಕಂತಿನಷ್ಟನ್ನ ಸಾಲ ಮಾಡೋಕೆ ಮುಂಚೆ ತಿಂಗಳಿಗೊಂದ್ಸಲ ಆರ್‌ಡಿಗೆ ಹಾಕಿದ್ರೆ ಎಷ್ಟೋ ಮನೆಗೆ ಆ ಸಾಲ ಬೇಕಾಗ್ತಿರ್ಲಿಲ್ಲ ಅನ್ನೋದು ನನ್ನ ಸಂಕಟ. ಪೋಸ್ಟ್ ಆಫೀಸಲ್ಲಿರೋ ದುಡ್ಡಿಗೆ ಪೂರ್ತಿ ಕೇಂದ್ರ ಸರ್ಕಾರದ್ದೇ ಗ್ಯಾರಂಟಿ, ಬ್ಯಾಂಕಲ್ಲಾದ್ರೆ ವಿಮೆ ಇರೋದು 5 ಲಕ್ಷದವರೆಗೆ.

ಮೈನಸ್ಸೂ ಇದೆ, ಮುಚ್ಚಿಡಲ್ಲ. 3 ವರ್ಷ ಆಗೋವರೆಗೂ ಕ್ಲೋಸ್ ಮಾಡಂಗಿಲ್ಲ, ಆಮೇಲೆ ಮಾಡಿದ್ರೂ ಸೇವಿಂಗ್ಸ್ ಬಡ್ಡಿ ಶೇ. 4 ಅಷ್ಟೇ ಸಿಗೋದು, ಮೆಚ್ಯೂರಿಟಿಗೆ ಒಂದು ದಿನ ಮುಂಚೆ ತೆಗೆದ್ರೂ ಅಷ್ಟೇ, ಇದು ನಿಜಕ್ಕೂ ಜಾಸ್ತಿ ಆಯ್ತು. ಹಂಗಾಗಿ ಅರ್ಜೆಂಟ್ ಬಿದ್ರೆ ಕ್ಲೋಸ್ ಮಾಡ್ಬೇಡಿ, 12 ಕಂತು ಕಟ್ಟಿ ವರ್ಷ ಆಗಿದ್ರೆ ಇರೋ ದುಡ್ಡಿನ ಅರ್ಧದಷ್ಟು ಲೋನ್ ಕೊಡ್ತಾರೆ, ಆರ್‌ಡಿ ಬಡ್ಡಿಗಿಂತ ಶೇ. 2 ಜಾಸ್ತಿ ಅಷ್ಟೇ. ಕಂತು ತಪ್ಪಿದ್ರೆ 100ಕ್ಕೆ 1 ರೂಪಾಯಿ ದಂಡ, ಅದೇನು ದೊಡ್ಡದಲ್ಲ, ಆದ್ರೆ 4 ಕಂತು ತಪ್ಪಿತು ಅಂದ್ರೆ ಅಕೌಂಟ್ ನಿಂತೋಗ್ತದೆ, ಎರಡು ತಿಂಗಳೊಳಗೆ ಹೋಗಿ ಸರಿ ಮಾಡಿಸ್ಬೇಕು, ಇಲ್ಲಾಂದ್ರೆ ಮುಂದೆ ಕಟ್ಟೋಕೇ ಆಗಲ್ಲ. ಬಡ್ಡಿಗೆ ಟ್ಯಾಕ್ಸ್ ವಿನಾಯಿತಿ ಇಲ್ಲ. ಹೆಣ್ಣುಮಗು ಇರೋರು ಮೊದಲು ಸುಕನ್ಯಾ ಸಮೃದ್ಧಿ ನೋಡಿ, ಅದರ ಬಡ್ಡಿ ಇದಕ್ಕಿಂತ ಎಷ್ಟೋ ಮೇಲು.

ನಾನು 5ಕ್ಕೆ 4 ಕೊಡ್ತೀನಿ, ಒಂದು ಕಳೆದಿದ್ದು ಆ 4 ಪರ್ಸೆಂಟ್ ರೂಲಿಗೆ.

ತೆಗೆಯೋರು ಆಧಾರ್, ಪ್ಯಾನ್, ಫೋಟೋ ತಗೊಂಡೋಗಿ, ನಾಮಿನಿ ಕಾಲಂ ಖಾಲಿ ಬಿಡ್ಬೇಡಿ. ಇನ್ನೊಂದು, ತಿಂಗಳ 15ರೊಳಗೆ ಅಕೌಂಟ್ ತೆಗೆದ್ರೆ ಪ್ರತಿ ತಿಂಗಳು 15ರೊಳಗೇ ಕಟ್ಬೇಕು, 16ರ ಮೇಲೆ ತೆಗೆದ್ರೆ ತಿಂಗಳ ಕೊನೆ ವರ್ಕಿಂಗ್ ಡೇವರೆಗೂ ಟೈಮ್ ಇರ್ತದೆ. ಒಂದನೇ ತಾರೀಕು ಸಂಬಳ ಬರೋರು ಮೊದಲ ಹದಿನೈದು ದಿನದಲ್ಲೇ ತೆಗೀರಿ, ಖರ್ಚಾಗೋಕೆ ಮುಂಚೆ ಕಂತು ಹೋಗ್ಲಿ, ಅಂಗಡಿ ವ್ಯಾಪಾರ ಇರೋರ್ಗೆ 16ರ ಮೇಲೇ ಅನುಕೂಲ.